ಊಟ ಆಯ್ತು ಎಂದವರ ಅಂಕ

ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಆಹಾರ ನೋಡಿಕೊಳ್ಳುವವಳು ನಾನು. ಕಳೆದ ವರ್ಷ ನಮಗೊಂದು ಹೊಸ ಫಾರ್ಮು ಬಂತು. ತೂಕ ಇಳಿದಿದೆಯೇ, ಊಟ ಕಡಿಮೆಯಾಗಿದೆಯೇ ಎಂಬಂಥ ನಾಲ್ಕು ಪ್ರಶ್ನೆ, ಉತ್ತರಕ್ಕೆ ಅಂಕ. ಅಂಕ ಕೂಡಿದರೆ ರೋಗಿಗೆ ಅಪೌಷ್ಟಿಕತೆ ಉಂಟೋ ಇಲ್ಲವೋ ತಿಳಿಯುತ್ತದಂತೆ. ಹಾಗೆ ತಿಳಿದದ್ದು ಸರಿಯೇ ಎಂದು ನೋಡಲು, ಕೆಲವು ತಿಂಗಳ ಬಳಿಕ ಬಂದ ನಿಯಮದಂತೆ, ಅದೇ ರೋಗಿಯ ತೋಳು, ಮೀನಖಂಡ ಅಳೆದು, ತಿಂದದ್ದನ್ನು ಕಣ್ಣಾರೆ ಕಂಡು ಇನ್ನೊಂದು ಫಾರ್ಮು ತುಂಬಬೇಕು. ಎರಡನ್ನೂ ತುಂಬುವವಳು ನಾನೊಬ್ಬಳೇ. ಹಾಗಾಗಿ ತಾಳೆಯಾದರೆ ನಾನೇ ಹೊಂದಿಸಿಬಿಟ್ಟೆನೋ ಎಂಬ ಚಿಂತೆ, ಆಗದಿದ್ದರೆ ಯಾವುದು ತಪ್ಪೋ ಎಂಬ ಚಿಂತೆ. ಚಿಂತೆಗೆ ನನಗೆ ಸಮಯ ಧಾರಾಳ. ಬಾಡಿಗೆ ಮನೆಯಲ್ಲಿ ಮಾತಾಡಿಸುವವರು ಯಾರೂ ಇಲ್ಲ.

ರಾಮಕುಂಜದ ಕಡೆಯ ಹೆಂಗಸೊಬ್ಬರು ಗರ್ಭಕೋಶದ ಆಪರೇಶನ್ನಿಗೆ ದಾಖಲಾದರು. ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಊಟ ಸರಿ ಆಗ್ತದಾ ಎಂದು ಕೇಳಿದೆ. ಆಗ್ತದೆ ಎಂದರು. ಮೂರು ಹೊತ್ತೂ ಒಂದೊಂದು ಬಟ್ಟಲು ಗಂಜಿ. ತೂಕವೂ ಇಳಿದಿರಲಿಲ್ಲ. ಅಂಕ ಸೊನ್ನೆ, ಎಂದರೆ ಅಪೌಷ್ಟಿಕತೆ ಇಲ್ಲ. ಸರ್ಜನ್ ಬುಧವಾರಕ್ಕೆ ಆಪರೇಶನ್ ಗೊತ್ತುಮಾಡಿದರು.

ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಅಳತೆಯ ಟೇಪು ಹಿಡಿದು ಹೋದೆ. ಆಕೆ ಎದ್ದು ಕೂತು, "ಊಟ ಆಯ್ತಾ ಮೇಡಂ?" ಎಂದರು.

"ಆಯ್ತು" ಎಂದೆ.

ಬೆಳಗಿನ ಚಾ ಬಿಟ್ಟರೆ ನನ್ನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಆದರೆ ನಮ್ಮಲ್ಲಿ ಈ ಪ್ರಶ್ನೆಗೆ ಆಗಲಿಲ್ಲ ಎನ್ನುವ ಕ್ರಮ ಇಲ್ಲ. ಹಾಗೆಂದರೆ ಕೇಳಿದವರು ಪಾಪ, ಎದ್ದು ಬಡಿಸಬೇಕಾಗುತ್ತದೆ. ಇಷ್ಟು ದಿನ ನಾನು ಇದನ್ನೇ ಕೇಳಿ, ಜನರ ಮರ್ಯಾದೆಗೆ ಅಂಕ ಕೊಡುತ್ತಾ ಬಂದಿದ್ದೆನೇ?

ಮಂಚದ ಪಕ್ಕದ ಬಟ್ಟಲಿಗೆ ಇಣುಕಿದೆ. ಗಂಜಿಯ ನೀರು ಮಾತ್ರ ಹೋಗಿತ್ತು, ಅನ್ನ ಅಡಿಯಲ್ಲಿ ಹಾಗೇ ಉಬ್ಬಿ ಕೂತಿತ್ತು. ಬಟ್ಟಲು ತೋರಿಸಿ ಕೇಳಿದರೆ, ಅನ್ನ ಗಂಟಲಲ್ಲಿ ಇಳಿಯದೆ ಎರಡು ತಿಂಗಳಾಯಿತಂತೆ. ಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಬಿತ್ತು. ಇಳಿಯದ ತೂಕವೆಲ್ಲ ಆ ಬಾವಿನದು. ತೋಳಿನಲ್ಲಿ ಟೇಪು ಸಡಿಲವಾಗಿ ಜಾರಿತು. ಈ ಮೈಯಲ್ಲಿ ಹೊಲಿಗೆ ಒಣಗುವುದು ಹೇಗೆ?

ಸರ್ಜನ್ ಬಳಿ ಹೋಗಿ ನನ್ನ ಸೊನ್ನೆ ತಪ್ಪು ಎಂದೆ. ಬೈಯಬಹುದು ಎಂದುಕೊಂಡಿದ್ದೆ, ಬೈಯಲಿಲ್ಲ. ಆಪರೇಶನ್ ಎರಡು ವಾರ ಮುಂದೆ ಹಾಕಿದರು. ಬೈದದ್ದು ಆಕೆ. ಶಾಲೆಗೆ ಅಷ್ಟು ರಜೆ ಯಾರು ಕೊಡುತ್ತಾರೆಂದು ಕೇಳಿ, ಮುಖ ತಿರುಗಿಸಿ ಹೇಳಿದರು: "ನಾನು ಆಗ್ತದೆ ಅಂದದ್ದು ನೀವು ಬರೀಲಿಕ್ಕೆ ಅಲ್ಲ ಮಾರಾಯ್ರೆ. ನೀವು ಕೇಳಿದ್ರಿ ಅಂತ."

ಅಂದಿನಿಂದ ನಾನು ಊಟದ ಬಗ್ಗೆ ಕೇಳುವುದನ್ನು ಬಿಟ್ಟು ಬಟ್ಟಲು ನೋಡತೊಡಗಿದೆ. ಅಳತೆ ಶುರುವಾಗುವ ಮುಂಚೆ ಸೊನ್ನೆ ಬರೆದ ಹಳೆಯ ಫಾರ್ಮುಗಳನ್ನೆಲ್ಲ ಕಪಾಟಿನಿಂದ ತೆಗೆದೆ. ಆ ರೋಗಿಗಳಲ್ಲಿ ಎಷ್ಟು ಮಂದಿ ಬರೇ ನೀರು ಕುಡಿದು ಮನೆಗೆ ಹೋದರೋ, ಈಗ ತಿಳಿಯುವ ದಾರಿಯಿಲ್ಲ.

ಆಕೆಗೆ ಮೊಟ್ಟೆ, ಹೆಸರುಬೇಳೆ, ಹಾಲಿನ ಪುಡಿ ಎಂದು ಹೊತ್ತುಹೊತ್ತಿಗೆ ಕೊಟ್ಟೆವು. ಕಾಲಿನ ಬಾವು ಇಳಿಯಿತು, ಆಪರೇಶನ್ ಆಯಿತು, ಗಾಯ ಒಣಗಿತು. ಮನೆಗೆ ಹೊರಟ ದಿನ ಚೀಲ ಹಿಡಿದು ನನ್ನ ಕೋಣೆಗೆ ಬಂದರು.

"ಊಟ ಆಯ್ತಾ?"

"ಆಯ್ತು" ಎಂದುಬಿಟ್ಟೆ, ಅಭ್ಯಾಸ.

ಆಕೆ ಚೀಲ ಕೆಳಗಿಟ್ಟರು. "ಎಂತ ಊಟ? ಎಷ್ಟು ಉಂಡ್ರಿ?"

ಅಷ್ಟು ವಿವರವಾಗಿ ನನ್ನನ್ನು ಯಾರೂ ಕೇಳದೆ ವರ್ಷಗಳಾಗಿದ್ದವು. ಮೇಜಿನ ಮೇಲೆ ನನ್ನ ಡಬ್ಬಿ ಇತ್ತು. ಮುಚ್ಚಳ ತೆಗೆದು, ಬೆಳಗ್ಗೆ ತುಂಬಿದ ಹಾಗೇ ಇದ್ದ ಅನ್ನವನ್ನು ತೋರಿಸಿದೆ.