ಐದು ಗೇರು, ನಾಲ್ಕು ನಿಂಬೆಹಣ್ಣು

ಹೆಂಡತಿಯ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಸ್ಕೂಟರ್ ಬೇಡ, ಕ್ಲಚ್ ತುಳಿಯುವ ಕಾರೂ ಬೇಡ ಎಂದುಬಿಟ್ಟರು. ಅವಳು ಮೂವತ್ತು ವರ್ಷ ಎರಡನ್ನೂ ಓಡಿಸಿದವಳು. ತಲಘಟ್ಟಪುರದಲ್ಲಿರುವ ಅಕ್ಕನ ಮನೆಗೆ ವಾರಕ್ಕೆರಡು ಸಲ, ಯಾರನ್ನೂ ಕೇಳದೆ, ತನಗೆ ಬೇಕಾದ ಹೊತ್ತಿಗೆ ಹೋಗಿ ಬರಬೇಕು. ಅಷ್ಟೇ ಅವಳ ಆಸೆ. ಅದಕ್ಕಾಗಿಯೇ ಬನಶಂಕರಿಯ ನಮ್ಮ ಮನೆಗೆ ಒಂದು ಸಣ್ಣ ಆಟೋಮ್ಯಾಟಿಕ್ ಕಾರು ಕೊಳ್ಳುವುದೆಂದಾಯಿತು.

ನಾನು ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತನಾದವನು. ಈಗಲೂ ಐದಕ್ಕೆ ಏಳುತ್ತೇನೆ, ಆರೂಕಾಲಿಗೆ ಕಾಫಿ, ಎಂಟಕ್ಕೆ ತಿಂಡಿ. ಕಾರು ಕೊಳ್ಳುವುದಕ್ಕೂ ಒಂದು ಕ್ರಮ ಬೇಕೆಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಮಾಡಿದೆ. ಕೋಣನಕುಂಟೆಯ ಹತ್ತಿರ ಹಳೆಯ ಕಾರು ಮಾರುವ ಅಂಗಳದಲ್ಲಿ ನಮಗೆ ಹೊಂದುವ ಕಾರುಗಳು ಎರಡು ಸಿಕ್ಕಿದ್ದವು. ಒಂದಕ್ಕೆ ನಾಲ್ಕು ಗೇರು, ಇನ್ನೊಂದಕ್ಕೆ ಐದು. ನಾಲ್ಕು ಗೇರಿನದರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಕೆಲಸ ಮಾಡುತ್ತದೆ. ಬ್ರೇಕಿನಿಂದ ಕಾಲು ತೆಗೆದರೆ ಕಾರು ತಾನಾಗಿ ತೆವಳುತ್ತದೆ. ಐದು ಗೇರಿನದು ನಿಜವಾಗಿ ಮಾಮೂಲಿ ಗೇರ್‌ಬಾಕ್ಸೇ. ನಮ್ಮ ಎಡಗಾಲು ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೇ. ಆ ಕಾರು ಆಕ್ಸಿಲರೇಟರ್ ಒತ್ತುವ ತನಕ ಮುಂದಕ್ಕೆ ಕದಲುತ್ತಿರಲಿಲ್ಲ.

ಅವಳು ಎರಡನ್ನೂ ಅಂಗಳದ ಪಕ್ಕದ ಸಮ ರಸ್ತೆಯಲ್ಲಿ ಓಡಿಸಿ ನೋಡಿದಳು.

"ನಾಲ್ಕು ಗೇರಿಂದು ಬ್ರೇಕ್ ಬಿಟ್ರೆ ತಾನೇ ಮೆಲ್ಲಗೆ ಹೋಗುತ್ತೆ ಕಣ್ರೀ, ನನಗೆ ಅದೇ ಸರಿ," ಎಂದಳು. "ಈ ಐದು ಗೇರಿಂದ್ರಲ್ಲಿ ಗೇರ್ ಬದಲಾದಾಗೆಲ್ಲ ಕೋಲೆ ಬಸವನ ಥರ ತಲೆ ಆಡಿಸ್ಬೇಕು."

ಅಂಗಳದ ಮಾಲೀಕರು ಆ ಊರಿನವರೇ. ಹಿಂದೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ಕಾರು ನಿಲ್ಲಿಸಿದ್ದರು. ಅವರು ನನ್ನನ್ನು ಕೇಳಿದರು, "ಯಾರ್ ಓಡ್ಸೋದು ಸಾರ್?"

"ಅವಳೇ."

"ಹಂಗಾದ್ರೆ ಅಮ್ಮೋರು ಹೇಳಿದ್ದೇ ಸರಿ ಬಿಡಿ. ನಾಲ್ಕು ಗೇರಿಂದು ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡೀತದೆ, ಆದ್ರೆ ಬಲು ಸಾಧು."

"ನಾಲ್ಕಕ್ಕಿಂತ ಐದು ಜಾಸ್ತಿ ಅಲ್ವೇನ್ರೀ?" ಎಂದೆ.

"ಲೆಕ್ಕದಲ್ಲಿ ಜಾಸ್ತಿನೇ ಸಾರ್," ಎಂದು ಅವರು ನನ್ನ ಹೆಂಡತಿಯ ಮುಖ ನೋಡಿದರು. ಅವಳು ಬೇರೆ ಕಡೆ ನೋಡುತ್ತಿದ್ದಳು. ನನ್ನ ಎಲ್ಲ ಕಾಲಂಗಳಲ್ಲೂ ಐದು ಗೇರೇ ಮುಂದಿತ್ತು. ಅವಳು ಹೇಳಿದ್ದಕ್ಕೆ ನಾನು ಕಾಲಂ ಹಾಕಿರಲಿಲ್ಲ. ಐದು ಗೇರಿನದನ್ನೇ ಕೊಂಡೆವು. ಮನೆಗೆ ನಾನೇ ಓಡಿಸಿಕೊಂಡು ಬಂದೆ.

ಮಾರನೆಯ ದಿನ ಪೂಜೆ. ಬೆಳಿಗ್ಗೆ ಕಾಫಿಗೆ ಮುಂಚೆ ಕಾರಿನ ಕೈಪಿಡಿ ಓದುತ್ತಾ ಕುಳಿತಿದ್ದೆ. ಈ ಕಾರು ಏರಿನಲ್ಲಿ ಬ್ರೇಕ್ ಬಿಟ್ಟರೆ ಹಿಂದಕ್ಕೆ ಜಾರಬಹುದು, ಆದ್ದರಿಂದ ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಆಕ್ಸಿಲರೇಟರ್ ಒತ್ತುತ್ತಾ ಅದನ್ನು ಬಿಡಬೇಕು ಎಂದಿತ್ತು. ಅಭ್ಯಾಸದಂತೆ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದೆ. ಅವಳು ಕಾಫಿ ತಂದಿಟ್ಟು, "ಏನಾದ್ರೂ ವಿಶೇಷ ಇದ್ಯಾ ಅದರಲ್ಲಿ?" ಎಂದು ಕೇಳಿದಳು. "ಎಲ್ಲ ಮಾಮೂಲಿ," ಎಂದೆ. ಹೇಳಿದರೆ, 'ನಾನು ಹೇಳಿದ್ದೇ ಸರಿಯಿತ್ತಲ್ಲ' ಎನ್ನುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ದೇವಸ್ಥಾನದ ಮುಂದಿನ ರಸ್ತೆ ಏರು. ಅರ್ಚಕರು ಕಾರಿಗೆ ಹೂವಿಟ್ಟು, ಆರತಿ ಎತ್ತಿ, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಕಾರು ಅವಳದು, ಅವಳೇ ಓಡಿಸಲಿ ಎಂದು ದೊಡ್ಡಸ್ತಿಕೆಯಿಂದ ಕೀ ಕೊಟ್ಟವನು ನಾನೇ. "ಮೆಲ್ಲಗೆ ಮುಂದಕ್ಕೆ ಬನ್ನಿ ಅಮ್ಮಾ," ಎಂದರು ಅರ್ಚಕರು. ಅವಳು ಬ್ರೇಕಿನಿಂದ ಕಾಲು ತೆಗೆದಳು. ಕಾರು ನಿಂಬೆಹಣ್ಣುಗಳನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಜಾರಿತು.

"ಅಯ್ಯೋ ಅಕ್ಕಾ, ಬ್ರೇಕು, ಬ್ರೇಕು!" ಎಂದು ಹೂ ಮಾರುವ ಹೆಂಗಸು ಕೂಗಿಕೊಂಡಳು. ಅವಳ ಬುಟ್ಟಿಗೆ ಬಂಪರ್ ತಗುಲಿ ಸೇವಂತಿಗೆ ರಸ್ತೆಗೆ ಚೆಲ್ಲಿತು. ಕಾರು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಪೂಜೆಯ ದಿನವೇ ಗಾಡಿ ಹಿಂದಕ್ಕೆ ಹೋಯಿತಲ್ಲ ಎಂದು ನಿಂತಿದ್ದವರು ಗೊಣಗಿದರು.

ನಾನು ಬಾಗಿಲು ತೆಗೆದು ಎಲ್ಲರಿಗೂ ಕೇಳುವಂತೆ ಕೂಗಿದೆ: "ಮೂವತ್ತು ವರ್ಷ ಓಡಿಸಿದೀಯಂತೆ, ಬ್ರೇಕ್ ಯಾವ್ದು ಅಂತ ಗೊತ್ತಾಗಲ್ವಾ? ಇಳಿ ಕೆಳಗೆ!"

ಅವಳು ಎರಡೂ ಕೈಯಲ್ಲಿ ಎಡಗಾಲನ್ನು ಎತ್ತಿ ಹೊರಗಿಟ್ಟು ಇಳಿದಳು. ನಾನು ಕೂತು, ಹ್ಯಾಂಡ್‌ಬ್ರೇಕ್ ಎಳೆದು, ಕೈಪಿಡಿಯಲ್ಲಿ ಓದಿದ್ದನ್ನು ಓದಿದ ಹಾಗೇ ಮಾಡಿದೆ. ನಿಂಬೆಹಣ್ಣು ಅಪ್ಪಚ್ಚಿಯಾದವು. "ಅಂಕಲ್ ಕೈಯಲ್ಲಿ ನೋಡಿ, ಹೆಂಗೆ ಮಾತು ಕೇಳ್ತು!" ಎಂದು ಯಾರೋ ಹೊಗಳಿದರು. ನಾನು ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಆಮೇಲೆ ಅವಳು ಕೀ ಮುಟ್ಟಲಿಲ್ಲ. ಅಕ್ಕನ ಮನೆಗೆ ಗುರುವಾರ ಹತ್ತರಿಂದ ಹನ್ನೊಂದೂವರೆ ಎಂದು ನಾನು ಸಮಯ ಗೊತ್ತುಮಾಡಿದೆ. ವಾರಕ್ಕೆ ಎರಡು ಸಲ ಎನ್ನುತ್ತಿದ್ದದ್ದು ಒಂದಾಯಿತು. ನಾನು ಗಡಿಯಾರ ನೋಡಿದ ಕೂಡಲೇ ಅವಳು ಏಳುತ್ತಿದ್ದಳು. ಹೀಗೆ ನಾಲ್ಕು ತಿಂಗಳು ಕಳೆದವು.

ಒಂದು ಗುರುವಾರ ಅಕ್ಕನ ಮನೆಯ ಹಜಾರದಲ್ಲಿ ಪೇಪರ್ ಓದುತ್ತಿದ್ದೆ. ಅಡುಗೆಮನೆಯಿಂದ ಅಕ್ಕನ ದನಿ ಕೇಳಿತು. "ನೀನೇ ಓಡಿಸ್ಕೊಂಡು ಬರೋದಕ್ಕೆ ಏನೇ ರೋಗ? ಗಂಡನ ಟೈಮ್ ಟೇಬಲ್ಲಿಗೆ ಕಾಯ್ಕೊಂಡು ಕೂತಿರ್ತೀಯಲ್ಲ!"

"ಇಲ್ಲಕ್ಕ, ನನಗೆ ತಲೆ ಮಂಕಾಗಿದೆ. ಬ್ರೇಕಿಗೂ ಆಕ್ಸಿಲರೇಟರಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಅವರು ಇದ್ದದ್ದಕ್ಕೆ ಬಚಾವಾಯ್ತು."

ಅವಳು ನನ್ನನ್ನು ಬೈದಿದ್ದರೆ ಸಹಿಸಬಹುದಿತ್ತು. ಅವಳು ನನ್ನ ಮಾತನ್ನು ನಂಬಿದ್ದಳು.

ವಾಪಸು ಬರುವಾಗ ಕನಕಪುರ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಎಲ್ಲ ಹೇಳಿದೆ. ತಪ್ಪು ಅವಳದಲ್ಲ, ಏರಿನಲ್ಲಿ ಆ ಕಾರು ಹಾಗೇ ಜಾರುತ್ತದೆ, ನನಗೆ ಅದು ಗೊತ್ತಿತ್ತು ಎಂದೆ.

"ಯಾವಾಗ ಗೊತ್ತಾಯ್ತು?"

"ಅವತ್ತೇ ಬೆಳಿಗ್ಗೆ."

"ನಾನು ಕಾಫಿ ತಂದಾಗ?"

"ಹೂಂ."

"ಕಾರು ತಿರುಗ್ಸಿ. ಅಕ್ಕನ ಮುಂದೆ ಹೇಳಿ."

ತಿರುಗಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಅಕ್ಕ ಒಲೆ ಆರಿಸಿ ಪೂರ್ತಿ ಕೇಳಿದರು. "ನಿಮ್ಮನ್ನ ಶಿಸ್ತಿನ ಮನುಷ್ಯರು ಅಂತ ಎಲ್ಲರ ಹತ್ರ ಹೇಳ್ತಿದ್ದೆ ನಾನು," ಎಂದರು, ಅಷ್ಟೇ.

ಮರುದಿನ ನಾನೇ ದೇವಸ್ಥಾನದ ಬಳಿಗೆ ಹೋದೆ. ಅಂದು ನಿಂತಿದ್ದವರನ್ನು ಎಲ್ಲಿ ಹುಡುಕಲಿ? ಹೂ ಮಾರುವ ಹೆಂಗಸಿಗೆ, ಅವತ್ತು ನಿಮ್ಮ ಬುಟ್ಟಿಗೆ ಕಾರು ತಗುಲಿದ್ದು ನನ್ನ ತಪ್ಪಿನಿಂದ, ನನ್ನ ಹೆಂಡತಿಯದಲ್ಲ ಎಂದೆ. ಅವಳು ಹೂ ಕಟ್ಟುತ್ತಲೇ ಇದ್ದಳು. "ಯಾವ ಕಾರು ಸಾರ್? ದಿನಾ ಪೂಜೆಗೆ ಬತ್ತಾನೇ ಇರ್ತವೆ. ನಂಗೆ ಗ್ಯಾಪಕ ಇಲ್ಲ."

ಮನೆಗೆ ಬಂದು ಅದನ್ನೂ ಹೆಂಡತಿಗೆ ಹೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ನಿರಾಳ ಇದ್ದಿರಬೇಕು. "ನನಗೆ ಜ್ಞಾಪಕ ಇದೆಯಲ್ಲ," ಎಂದಳು.

ಆ ಮಧ್ಯಾಹ್ನ ಅವಳು ಕೈಪಿಡಿಯ ಆ ಪುಟವನ್ನು ತಾನೇ ಓದಿಕೊಂಡು ಕೀ ತೆಗೆದುಕೊಂಡಳು. ನಾನೂ ಬರಲೇ ಎಂದು ಕೇಳಿದೆ. ಬೇಡ ಎಂದಳು. ಬೀದಿಯ ಏರಿನಲ್ಲಿ ಕಾರು ಒಂದು ಗಳಿಗೆ ನಿಂತು, ಜಾರದೆ, ಮುಂದಕ್ಕೆ ಹೋಯಿತು. ಎಷ್ಟು ಹೊತ್ತಿಗೆ ಬರುತ್ತೀಯ ಎಂದು ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.