ಮೊದಲ ದೃಶ್ಯದ ಕೈ ಪಾಪಮ್ಮನದು

ಹೊಸಕೋಟೆಯ ಮದುವೆ ಛತ್ರದ ಮುಂದೆ ಇನ್ನೂ ಬೆಳಕು ಹರಿದಿಲ್ಲ. ಪಾಪಮ್ಮ ನೆಲಕ್ಕೆ ನೀರು ಚೆಲ್ಲಿ, ಗುಡಿಸಿ, ಮಂಡಿಗೊಂದು ಬೈಗುಳ ಹಾಕಿ ಚುಕ್ಕಿಯಿಡಲು ಬಗ್ಗುತ್ತಾರೆ. ಅರವತ್ತೆಂಟರ ಬೆನ್ನು ತಕರಾರು ತೆಗೆಯುತ್ತದೆ, ಬೆರಳು ಮಾತ್ರ ತೆಗೆಯುವುದಿಲ್ಲ. ಅರ್ಧ ಗಂಟೆಯಲ್ಲಿ ಬಾಗಿಲ ತುಂಬ ಬಳ್ಳಿ ಹಬ್ಬುತ್ತದೆ. ಬೀಗರ ಕಾರುಗಳು ಬಂದರೆ ಅದರ ಕತೆ ಮುಗಿಯಿತು. ತಿಂಗಳಿಗೆ ಹದಿನೈದು ಮದುವೆಯಾದರೆ ಹದಿನೈದು ಬಳ್ಳಿ.

"ತುಳ್ಕೊಂಡು ಹೋಗ್ಲಿ ಬಿಡಿ ಸ್ವಾಮಿ. ಇಲ್ಲಿ ಇಟ್ಟೋಳು ನಾನೇ ಅಂತ ನಾಕು ಜನಕ್ಕಾದ್ರೂ ಗೊತ್ತಾಗ್ತದೆ," ಅನ್ನುತ್ತಾರೆ.

ಗೊತ್ತಾಗದೇ ಹೋದದ್ದು ಬೇರೆ ಕಡೆ. ಪಾಪಮ್ಮನ ಹುಟ್ಟೂರು ತ್ಯಾಮಗೊಂಡ್ಲು ಪಕ್ಕದ ಹಳ್ಳಿ. ಅವರ ಹರೆಯದಲ್ಲಿ ಅಲ್ಲಿಯ ದೊಡ್ಡ ತೊಟ್ಟಿಮನೆಯೊಂದರಲ್ಲಿ ಸಂಸಾರದ ಸಿನಿಮಾಗಳ ಚಿತ್ರೀಕರಣ ನಡೆಯುತ್ತಿತ್ತು. ಸಂಸಾರವೆಂದರೆ ಹಾಲಿನಂಥ ಮೈಬಣ್ಣದವರ ಸಂಸಾರ. ಕಪ್ಪಗಿರುವವರಿಗೆ ಹಿತ್ತಿಲ ಪಾತ್ರೆ ರಾಶಿ. ಕೆಲಸದವಳ ಪಾತ್ರದಲ್ಲಿ ಪಾಪಮ್ಮನಿಗೆ ಸಿಕ್ಕ ಮಾತು ಎರಡೇ: "ಅಮ್ಮಾವ್ರೇ, ಕಾಫಿ."

"ಅತ್ತೆ, ಮಾವ, ಮಕ್ಳು, ಬಂದೋದ ನೆಂಟ್ರೂ ಬೆಳ್ಳಗೇ. ಹಂಗೆ ಒಂದೇ ಬಣ್ಣದ ಮನೆ ನಮ್ಮೂರಲ್ಲಿ ನಾನಂತೂ ಕಂಡಿಲ್ಲ ಕಣಪ್ಪ."

ಒಂದು ದಿನ ನಾಯಕಿಗೆ ರಂಗೋಲಿ ಬರುವುದಿಲ್ಲವೆಂದು ಕೆಲಸ ನಿಂತಿತು. ಯಾರೋ ಪಾಪಮ್ಮನನ್ನು ತೋರಿಸಿದರು. ಮೇಕಪ್ಪಿನವನು ಅವರ ಕೈಗೆ ಮೊಣಕೈವರೆಗೂ ಬೆಳ್ಳಗೆ ಬಳಿದ, ಹಸಿರು ಬಳೆ ತೊಡಿಸಿದ. ಕ್ಯಾಮೆರಾ ಕೈಯನ್ನಷ್ಟೇ ಹಿಡಿಯಿತು. ತಲೆಯೆತ್ತಿ ನಕ್ಕವಳು ನಾಯಕಿ. ಆಮೇಲೆ ಹಲವು ಸಿನಿಮಾಗಳಲ್ಲಿ ಮನೆಮಗಳ ರಂಗೋಲಿ ಇಟ್ಟಿದ್ದು ಪಾಪಮ್ಮನೇ, ಅದೇ ಮನೆಯ ಪಾತ್ರೆ ಉಜ್ಜಿದ್ದೂ ಅವರೇ. ಉಜ್ಜುವಾಗ ಬಣ್ಣ ಬಳಿಯುವ ಗೋಜಿಗೆ ಯಾರೂ ಹೋಗಲಿಲ್ಲ. ಹೆಸರು ಎಲ್ಲೂ ಬರಲಿಲ್ಲ.

ಈಗ ಅವರ ಜೊತೆಗಿರುವವಳು ಮೊಮ್ಮಗಳು ಧನುಶ್ರೀ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸ, ಮೈಬಣ್ಣ ಅಜ್ಜಿಯದೇ. ಹೋದ ತಿಂಗಳು ನೋಡಲು ಬಂದ ಗಂಡಿನವರು ಬಣ್ಣ ಕಮ್ಮಿ ಎಂದು ಹೇಳಿ ಕಳಿಸಿದರು. ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆ ಭಾನುವಾರವೇ ಟೀವಿಯಲ್ಲಿ ಪಾಪಮ್ಮ ರಂಗೋಲಿ ಇಟ್ಟಿದ್ದ ಹಳೆಯ ಸಿನಿಮಾವೊಂದು ಬಂತು. ಅಜ್ಜಿಗೆ ಉತ್ಸಾಹ. ನಮ್ಮಂಥ ಕೈಯೂ ಸಿನಿಮಾದಲ್ಲಿ ಬಂದಿದೆ ಎಂದು ತೋರಿಸಿದರೆ ಮಗು ಚೇತರಿಸಿಕೊಂಡೀತು ಎಂಬ ಆಸೆ. ಮೊದಲ ದೃಶ್ಯಕ್ಕೇ ಕೂಗಿದರು, "ನೋಡೇ, ನನ್ ಕೈ!"

ಧನುಶ್ರೀ ನೋಡಿದಳು. "ನಿನ್ ಕೈಗೂ ಬಳ್ದೇ ತೋರಿಸ್ಬೇಕಾಯ್ತಲ್ಲಜ್ಜಿ," ಎಂದು ಎದ್ದು ಹೋದಳು.

ಪಾಪಮ್ಮ ಇದನ್ನು ಹೇಳುವಾಗ ಅಳುವುದಿಲ್ಲ. ಕೇಳುವವರಿಗೇ ಕಷ್ಟ. "ಇಷ್ಟು ವರ್ಷ ಹೆಮ್ಮೆ ಪಟ್ಕೊಂಡೇ ಇದ್ದೆ. ಅವ್ಳು ಅಂದ್ಮೇಲೆ ನಂಗೆ ತಿಳೀತು," ಎನ್ನುತ್ತಾರೆ. ಮೊಮ್ಮಗಳದು ಈಗಲೂ ಮಾತು ಕಮ್ಮಿ. ಡ್ಯೂಟಿಗೆ ಹೋಗುವ ಮುಂಚೆ ಮುಖಕ್ಕೆ ಕ್ರೀಮು ತಿಕ್ಕುತ್ತಾಳೆ.

ಪತ್ರಿಕೆಯ ಫೋಟೋಗ್ರಾಫರ್ ರಂಗೋಲಿಯ ಪಕ್ಕ ಕೂರಲು ಹೇಳಿದಾಗ ಪಾಪಮ್ಮ ನಲ್ಲಿಗೆ ಹೋಗಿ, ಪುಡಿ ಮೆತ್ತಿದ ಕೈಗಳನ್ನು ಉಗುರಿನ ಸಂದಿಯವರೆಗೂ ತೊಳೆದು ಬರುತ್ತಾರೆ. ಕ್ಯಾಮೆರಾದ ಮುಂದೆ ಎರಡೂ ಕೈ ಚಾಚುತ್ತಾರೆ.

"ಪೇಪರ್‌ನಾಗೆ ಬೆಳ್ಳಗೆ ಮಾಡ್ಬ್ಯಾಡಿ ಕಣಪ್ಪ. ಇದ್ದಂಗೇ ಹಾಕಿ. ನಮ್ಮ ಹುಡುಗಿ ನೋಡ್ತಾಳೆ."