ಮೊಗೆ ಬೀಜಕ್ಕೆ ಒಂದು ಚೊಂಬು ಗಂಜಳ

ಕೇಳಿ ಗೆಳತಿಯರೇ, ಇವತ್ತು ಬೆಳಿಗ್ಗೆ ಕಾರ್ಗಲ್ಲಿನ ನಮ್ಮ ಕ್ವಾರ್ಟರ್ಸ್ ಬೀದಿಯಲ್ಲಿ ನಾನು ಹಾಲುಕಳ್ಳಿ ಅನ್ನಿಸಿಕೊಂಡೆ.

ಅಮ್ಮನ ಹಿತ್ತಲು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತಲ್ಲ, ಅಲ್ಲಿಂದ ಉಳಿದದ್ದು ಮೊಗೆಕಾಯಿಯ, ಅದೇ ಹುಳಿಗೆ ಹಾಕುವ ಸೌತೆಯ, ಹನ್ನೆರಡೇ ಬೀಜ. "ಹಸುವಿನ ಗಂಜಳಕ್ಕೆ ನೀರು ಬೆರೆಸಿ, ಅದರಲ್ಲಿ ನೆನೆಸಿ ಹಾಕು, ಎಲ್ಲಾ ಹುಟ್ತವೆ" ಅಂದಿದ್ದಳು ಅಮ್ಮ. ನಮ್ಮಲ್ಲಿ ಹಸು ಎಲ್ಲಿದೆ? ಪಕ್ಕದ ಮನೆ ಓವರ್ಸಿಯರ್ ಹೆಂಡತಿಯ ಹಸುವಿನ ಹಿಂದೆ ಚೊಂಬು ಹಿಡಿದು ಒಂದು ಗಂಟೆ ತಿರುಗಿದೆ. ಅದು ಮೇಯಿತು, ಮೆಲುಕು ಹಾಕಿತು, ನನ್ನನ್ನೇ ನೋಡುತ್ತ ನಿಂತಿತು. ಕೊನೆಗೂ ಕೃಪೆ ಮಾಡಿತು. ಚೊಂಬು ಹಿಡಿದು ಎದ್ದರೆ ಎದುರಿಗೆ ಓವರ್ಸಿಯರ್ ಹೆಂಡತಿ.

"ಎರಡು ದಿನದಿಂದ ಹಾಲು ಕಮ್ಮಿ ಆಗಿದ್ದು ಇದಕ್ಕೇನ್ರೀ?"

"ಹಾಲಲ್ಲ ಅಕ್ಕಾ, ಇದು ಬೀಜಕ್ಕೆ..."

"ಕೊಡಿ ಇಲ್ಲಿ." ಚೊಂಬು ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದರು. ಮರುಕ್ಷಣ ಮುಖ ಕಿವುಚಿ ಅದನ್ನು ಮಾರುದೂರ ಹಿಡಿದರು.

ನಾನು ಅಮ್ಮನ ಬೀಜದ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಚೊಂಬು ವಾಪಸು ಕೊಟ್ಟರು.

"ಇನ್ಮೇಲೆ ಕೇಳಿ ತಗೊಂಡು ಹೋಗಿ. ಬಳ್ಳಿ ಬಿಟ್ಟ ಮೊದಲ ಕಾಯಿ ಮಾತ್ರ ನಮ್ಮನೆಗೆ."

ಬೀಜ ಈಗಿನ್ನೂ ಬಟ್ಟಲಲ್ಲಿ ನೆನೆಯುತ್ತಿದೆ. ಅದರ ಮೊದಲ ಕಾಯಿ ಆಗಲೇ ಓವರ್ಸಿಯರ್ ಮನೆ ಹುಳಿಗೆ ಬಿದ್ದಾಯಿತು.